ಕಾರಿನಲ್ಲಿ ಡೊಳ್ಳಿನ ಸದ್ದು: ಸಬ್‌ವೂಫರ್ ವೈರಿಂಗ್‌ಗೆ ಕೈ ಹಾಕುವ ಮುನ್ನ



ಮಗನಿಗೋ ಮಗಳಿಗೋ 16 ತುಂಬಿತು, ಲೈಸೆನ್ಸ್ ಬಂತು, ಮನೆಯ ಹಳೇ ಸಿವಿಕ್ಕೋ ಕರೋಲಾವೋ ಕೈಗೆ ಸಿಕ್ಕಿತು ಅಂದರೆ ಇಲ್ಲಿ ಅಮೆರಿಕದ ಮನೆಗಳಲ್ಲಿ ಮುಂದಿನ ಬೇಡಿಕೆ ಸಾಮಾನ್ಯವಾಗಿ ಇದೇ: "ಅಪ್ಪಾ, ಟ್ರಂಕ್‌ನಲ್ಲಿ ಸಬ್‌ವೂಫರ್ ಹಾಕ್ಕೊಳ್ಲಾ?" ಟ್ರಂಕ್ ಅಂದರೆ ನಮ್ಮೂರಿನ ಡಿಕ್ಕಿ. ಸಬ್‌ವೂಫರ್ ಅಂದರೆ ಡೊಳ್ಳು, ಮದ್ದಳೆಯಂಥ ತಗ್ಗಿನ ನಾದವನ್ನು ಎದೆಗೆ ಮುಟ್ಟಿಸುವ ದೊಡ್ಡ ಸ್ಪೀಕರ್. ಬೇಡ ಅನ್ನುವುದು ಸುಲಭ. ಆದರೆ ಮಕ್ಕಳು ಇಂಟರ್ನೆಟ್ಟಿನಲ್ಲಿ ನೋಡಿ ತಾವೇ ಹಾಕಿಕೊಳ್ಳುವುದು ಇನ್ನೂ ಸುಲಭ! ಆದ್ದರಿಂದ ಒಮ್ಮೆ ಕೂತು ಲೆಕ್ಕ ತಿಳಿದುಕೊಳ್ಳೋಣ.

ಅಂಗಡಿಯಲ್ಲಿ 'ಆಂಪ್' ಎಂದರೆ ಎರಡು ಅರ್ಥ. ಗೊಂದಲ ಬೇಡವೆಂದು ಇಲ್ಲಿ ಯಂತ್ರಕ್ಕೆ ಆಂಪ್ಲಿಫೈಯರ್ ಎಂದೂ ಕರೆಂಟಿನ ಅಳತೆಗೆ ಆಂಪಿಯರ್ ಎಂದೂ ಬರೆಯುತ್ತೇನೆ.

12 ವೋಲ್ಟ್ ತಾನೇ, ಏನಾಗುತ್ತೆ?

ಶಾಕ್ ಹೊಡೆಯುವುದಿಲ್ಲ, ನಿಜ. ಅಪಾಯ ಇರುವುದು ಶಾಕ್‌ನಲ್ಲಲ್ಲ, ಶಾಖದಲ್ಲಿ. ವೋಲ್ಟ್ ಕಡಿಮೆಯಾದಷ್ಟೂ ಅದೇ ಶಕ್ತಿಗೆ ಹೆಚ್ಚು ಕರೆಂಟ್ ಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ: 500 ವ್ಯಾಟಿನ ಕ್ಲಾಸ್ ಡಿ ಆಂಪ್ಲಿಫೈಯರ್. ಅದರ ದಕ್ಷತೆ ಸುಮಾರು ಶೇಕಡಾ 80 ಅಂದುಕೊಂಡರೆ ಬ್ಯಾಟರಿಯಿಂದ 625 ವ್ಯಾಟ್ ಎಳೆಯುತ್ತದೆ. ಎಂಜಿನ್ ಓಡುವಾಗ ಸಿಗುವ ಸುಮಾರು 13.8 ವೋಲ್ಟಿನಿಂದ ಭಾಗಿಸಿದರೆ 45 ಆಂಪಿಯರ್. ಇಲ್ಲಿನ ಮನೆಗಳ ಗೋಡೆಯ ಪ್ಲಗ್ಗಿಗೆ ಇರುವ ಬ್ರೇಕರ್ ಸಾಮಾನ್ಯವಾಗಿ 15 ಅಥವಾ 20 ಆಂಪಿಯರಿನದು. ಅಂದರೆ ನಿಮ್ಮ ಮಗ ಕಾರ್ಪೆಟ್ಟಿನ ಕೆಳಗೆ ಎಳೆಯಲಿರುವ ತಂತಿ, ಮನೆಯ ಪ್ಲಗ್ಗಿನ ತಂತಿಗಿಂತ ಎರಡು ಮೂರು ಪಟ್ಟು ಕರೆಂಟ್ ಹೊರಬೇಕು.

ಇನ್ನೊಂದು ಮಾತು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ 'ಮ್ಯಾಕ್ಸ್' ವ್ಯಾಟ್ ನಂಬಬೇಡಿ, ಆರ್‌ಎಂಎಸ್ ವ್ಯಾಟ್ ನೋಡಿ. ಸಿಇಎ-2006 ಎಂಬ ಮುದ್ರೆ ಇದ್ದರೆ ಒಳ್ಳೆಯದು. 2003ರಲ್ಲಿ ಬಂದ ಈ ಮಾನದಂಡದ ಪ್ರಕಾರ 14.4 ವೋಲ್ಟ್, 4 ಓಮ್‌ನಲ್ಲಿ ಅಳೆದ ಸಂಖ್ಯೆಯನ್ನೇ ಹೇಳಬೇಕು.

ಫ್ಯೂಸ್ ಕಾಯುವುದು ಯಾರನ್ನು?

ಊರಿನ ಮನೆಗಳಲ್ಲಿ ಬಿಳಿ ಪಿಂಗಾಣಿ ಫ್ಯೂಸ್ ಇರುತ್ತಿದ್ದುದು ನೆನಪಿದೆಯಲ್ಲವೇ? ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಂತಿ ಸುತ್ತಿ "ಇನ್ನು ಹೋಗೋಲ್ಲ ಬಿಡಿ" ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಿದ್ದರು. ಫ್ಯೂಸ್ ಹೋಗುತ್ತಿರಲಿಲ್ಲ ನಿಜ. ಅದರ ಬದಲು ಗೋಡೆಯೊಳಗಿನ ವೈರಿಂಗ್ ಸುಡುತ್ತಿತ್ತು. ಆ ಅಭ್ಯಾಸವನ್ನು ಕಾರಿಗೆ ತರಬೇಡಿ.

ಆಂಪ್ಲಿಫೈಯರಿನ ಮೈಮೇಲೆಯೇ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ ಎಂದು ಕೇಳುವವರಿದ್ದಾರೆ. ಆ ಫ್ಯೂಸ್ ಆಂಪ್ಲಿಫೈಯರಿಗಾಗಿ. ಬ್ಯಾಟರಿಯ ಬಳಿ ಹಾಕುವ ಫ್ಯೂಸ್ ಇರುವುದು ತಂತಿಗಾಗಿ. ಮುಂದಿನ ಬ್ಯಾಟರಿಯಿಂದ ಹಿಂದಿನ ಟ್ರಂಕಿನವರೆಗೆ ಸುಮಾರು 5 ಮೀಟರ್ ತಂತಿ ತಗಡಿನ ಮೈಗೆ ಅಂಟಿಕೊಂಡೇ ಸಾಗುತ್ತದೆ. ದಾರಿಯಲ್ಲಿ ಎಲ್ಲಾದರೂ ಚೂಪಾದ ಅಂಚು ತಾಗಿ ಪ್ಲಾಸ್ಟಿಕ್ ಹೊದಿಕೆ ಹರಿದರೆ, ಕಾರಿನ ಮೈಯೇ ನೆಗೆಟಿವ್ ಆದ್ದರಿಂದ ನೇರ ಶಾರ್ಟ್. ಬ್ಯಾಟರಿ ಆಗ ನೂರಾರು ಆಂಪಿಯರ್ ಸುರಿಯುತ್ತದೆ. ಆಂಪ್ಲಿಫೈಯರಿನ ಫ್ಯೂಸ್ ತಂತಿಯ ಇನ್ನೊಂದು ತುದಿಯಲ್ಲಿದೆ, ಅದಕ್ಕೆ ವಿಷಯವೇ ಗೊತ್ತಾಗುವುದಿಲ್ಲ. ತಂತಿ ಕೆಂಪಗೆ ಕಾದು ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತದೆ.

ಆದ್ದರಿಂದ ಬ್ಯಾಟರಿಯ ಪಾಸಿಟಿವ್‌ನಿಂದ 18 ಇಂಚಿನೊಳಗೆ, ಇನ್ನೂ ಹತ್ತಿರವಾದರೆ ಇನ್ನೂ ಒಳ್ಳೆಯದು, ಫ್ಯೂಸ್ ಇರಲೇಬೇಕು. ಎಷ್ಟು ಆಂಪಿಯರಿನದು? ಆಂಪ್ಲಿಫೈಯರಿನ ಮೇಲೆ 30ರ ಎರಡು ಫ್ಯೂಸ್ ಇದ್ದರೆ ಒಟ್ಟು 60. ಬ್ಯಾಟರಿಯ ಬಳಿ 60 ಹಾಕಿ, ಹೆಚ್ಚೆಂದರೆ 80. ಯಾವ ಕಾರಣಕ್ಕೂ ಅದು ತಂತಿ ತಡೆಯುವ ಮಿತಿಯನ್ನು ಮೀರಬಾರದು.

ತಂತಿಯ ಆಯ್ಕೆ

ಅಮೆರಿಕದ ಗೇಜ್ ಲೆಕ್ಕ ತಲೆಕೆಳಗು: ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. ನಮ್ಮ ಉದಾಹರಣೆಗೆ 4 ಗೇಜಿನ ಪೂರ್ತಿ ತಾಮ್ರದ ತಂತಿ ಸಾಕು. ಅಗ್ಗದ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಡಬ್ಬದ ಮೇಲೆ ಸಿಸಿಎ ಎಂದಿದ್ದರೆ ಅದೇ. ಅಲ್ಯುಮಿನಿಯಂ ತಾಮ್ರದಷ್ಟು ಚೆನ್ನಾಗಿ ಕರೆಂಟ್ ಒಯ್ಯುವುದಿಲ್ಲ, ಹಾಗಾಗಿ ಅದನ್ನೇ ಕೊಳ್ಳುವುದಾದರೆ ಒಂದು ಅಳತೆ ದಪ್ಪನೆಯದು ತನ್ನಿ.

ನೆಗೆಟಿವ್ ತಂತಿಯೂ ಅಷ್ಟೇ ದಪ್ಪ ಇರಬೇಕು, ಒಂದೂವರೆ ಅಡಿಗಿಂತ ಉದ್ದ ಬೇಡ. ಟ್ರಂಕಿನಲ್ಲಿ ಕಾರಿನ ಮೈಯ ಗಟ್ಟಿ ಲೋಹ ಹುಡುಕಿ, ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಾಗಿ ಬೋಲ್ಟ್ ಮಾಡಿ. ಸೀಟ್ ಬೆಲ್ಟ್ ಬೋಲ್ಟನ್ನು ಮಾತ್ರ ಮುಟ್ಟಬೇಡಿ.

ಓಮ್ ಲೆಕ್ಕ

ಸಬ್‌ವೂಫರ್ ಕರೆಂಟಿಗೆ ಒಡ್ಡುವ ತಡೆಯ ಅಳತೆಯೇ ಓಮ್. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು. ಅದರ ಮಿತಿಗಿಂತ ಕೆಳಗೆ ಹೋದರೆ ಬಿಸಿಯಾಗಿ ಆಫ್ ಆಗುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ.

- 4 ಓಮ್‌ನ ಎರಡು ಸಬ್‌ವೂಫರ್, ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್): 2 ಓಮ್
- ಅವೇ ಎರಡು, ಸೀರೀಸ್ (ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ): 8 ಓಮ್
- 4 ಓಮ್‌ನ ಎರಡು ಕಾಯಿಲ್ ಇರುವ ಎರಡು ಸಬ್‌ವೂಫರ್, ನಾಲ್ಕೂ ಕಾಯಿಲ್ ಪ್ಯಾರಲಲ್: 1 ಓಮ್
- ಅವೇ, ಪ್ರತಿಯೊಂದರ ಎರಡು ಕಾಯಿಲ್ ಸೀರೀಸ್, ಆಮೇಲೆ ಎರಡೂ ಪ್ಯಾರಲಲ್: 4 ಓಮ್

ನಮ್ಮ ಆಂಪ್ಲಿಫೈಯರ್ 2 ಓಮ್‌ಗೆ 500 ವ್ಯಾಟ್ ಕೊಡುತ್ತದೆ ಎಂದರೆ 250 ವ್ಯಾಟಿನ, 4 ಓಮ್‌ನ ಎರಡು ಸಬ್‌ವೂಫರ್ ಪ್ಯಾರಲಲ್ ಹಾಕಿದರೆ ಸರಿಯಾದ ಜೋಡಿ. ಎರಡು ಚಾನೆಲ್ಲಿನ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾಡಿದರೆ ಎಚ್ಚರ: 4 ಓಮ್ ಜೋಡಿಸಿದರೂ ಪ್ರತಿ ಚಾನೆಲ್ಲಿಗೆ ಅದು 2 ಓಮ್‌ನಂತೆ ಕಾಣುತ್ತದೆ. ಕೈಪಿಡಿಯಲ್ಲಿ 'ಬ್ರಿಡ್ಜ್ಡ್ ಮಿನಿಮಮ್' ಎಷ್ಟೆಂದು ಓದಿ. ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ಅಳೆಯಿರಿ. 4 ಓಮ್‌ನದು 3ರಿಂದ 4ರ ನಡುವೆ ತೋರಿಸಿದರೆ ಗಾಬರಿ ಬೇಡ, ಅದು ಸಹಜ.

ಕೆಲಸದ ಕ್ರಮ

1. ಉಂಗುರ, ಬಳೆ, ವಾಚ್ ತೆಗೆದಿಡಿ. ಹಳೇ ಕಾರಾದರೆ ರೇಡಿಯೋ ಕೋಡ್ ಬರೆದಿಟ್ಟುಕೊಳ್ಳಿ.
2. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮತ್ತೆ ಹಾಕುವಾಗ ಅದೇ ಕೊನೆ.
3. ಎಂಜಿನ್ನಿಗೂ ನಮಗೂ ನಡುವಿನ ತಗಡಿನ ಗೋಡೆಗೆ ಫೈರ್‌ವಾಲ್ ಎನ್ನುತ್ತಾರೆ (ನಮ್ಮ ಆಫೀಸಿನ ಫೈರ್‌ವಾಲ್ ಅಲ್ಲ!). ಅದರ ತೂತಿನಲ್ಲಿ ತಂತಿ ದಾಟಿಸುವಾಗ ರಬ್ಬರ್ ಗ್ರೊಮೆಟ್ ಕಡ್ಡಾಯ. ಹೊದಿಕೆ ಹರಿಯುವ ಭಯ ಹೆಚ್ಚಿರುವುದು ಇಲ್ಲೇ.
4. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಪ್ರಾಣಕ್ಕೇ ಅಪಾಯ. ಅಂಥ ಕಾರನ್ನು ತಿಳಿದವರಿಗೇ ಬಿಡಿ.
5. ಪವರ್ ತಂತಿ ಒಂದು ಬದಿ, ಆರ್‌ಸಿಎ ಕೇಬಲ್ ಇನ್ನೊಂದು ಬದಿ. ಗೊರಗೊರ ಸದ್ದು ಬರದಂತೆ ತಡೆಯಲು.
6. ಹೊಸ ಸ್ಟೀರಿಯೋದ ನೀಲಿ-ಬಿಳಿ ಗೆರೆಯ ತಂತಿ ಆಂಪ್ಲಿಫೈಯರಿನ ರಿಮೋಟ್‌ಗೆ.
7. ಫ್ಯೂಸನ್ನು ಎಲ್ಲಕ್ಕಿಂತ ಕಡೆಗೆ, ಎಲ್ಲ ತಂತಿ ಇನ್ನೊಮ್ಮೆ ನೋಡಿದ ಮೇಲೆ ಹಾಕಿ.

ಗೇನ್ ಎಂದರೆ ವಾಲ್ಯೂಮ್ ಅಲ್ಲ

ಗೇನ್ ಪೂರ್ತಿ ತಿರುಗಿಸಿದರೆ ಸದ್ದು ಒಡೆದು, ಸಬ್‌ವೂಫರಿನ ಕಾಯಿಲ್ ಸುಡುತ್ತದೆ. ಲೆಕ್ಕ ಹೀಗೆ: ವ್ಯಾಟನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 500 × 2 = 1000, ವರ್ಗಮೂಲ 31.6. ಸಬ್‌ವೂಫರ್ ಬಿಚ್ಚಿಟ್ಟು, ಬಾಸ್ ಬೂಸ್ಟ್ ಸೊನ್ನೆ ಮಾಡಿ, ಗೇನ್ ಕನಿಷ್ಠಕ್ಕೆ ಇಳಿಸಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು 50 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು, ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಲ್ಲಿ 31.6 ಬರುವವರೆಗೆ ಗೇನ್ ಏರಿಸಿ ನಿಲ್ಲಿಸಿ. ನಂತರ ಸ್ಟೀರಿಯೋ ಆಫ್ ಮಾಡಿ ಸಬ್‌ವೂಫರ್ ಜೋಡಿಸಿ. ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ನಿಂದ ಆರಂಭಿಸಿ.

ಅಂಗಡಿಯವರಿಗೇ ಕೊಡುವುದಾದರೆ

ಅದೂ ಒಳ್ಳೆಯದೇ. ಆದರೆ ಕಾರು ವಾಪಸ್ ತರುವ ಮುನ್ನ ಮೂರು ಪ್ರಶ್ನೆ ಕೇಳಿ: ಬ್ಯಾಟರಿಯ ಬಳಿ ಫ್ಯೂಸ್ ಎಲ್ಲಿದೆ, ಎಷ್ಟು ಆಂಪಿಯರ್? ಫೈರ್‌ವಾಲ್ ತೂತಿಗೆ ಗ್ರೊಮೆಟ್ ಹಾಕಿದ್ದೀರಾ? ಒಟ್ಟು ಎಷ್ಟು ಓಮ್ ಆಯಿತು? ಮೂರಕ್ಕೂ ನೇರ ಉತ್ತರ ಬಂದರೆ ಧೈರ್ಯವಾಗಿ ಕೀ ತೆಗೆದುಕೊಳ್ಳಿ. ಮುಂದೆ ಎಂದಾದರೂ ಫ್ಯೂಸ್ ಹೋದರೆ ದೊಡ್ಡದು ಹಾಕಬೇಡಿ, ಯಾಕೆ ಹೋಯಿತೆಂದು ಹುಡುಕಿ.

ಮಕ್ಕಳಿಗೆ ಕಡೆಯ ಮಾತು: ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಹಾಡು 50 ಅಡಿ ದೂರಕ್ಕೆ ಕೇಳಿಸಿದರೆ ಪೊಲೀಸರು ಟಿಕೆಟ್ ಕೊಡಬಹುದು. ಡೊಳ್ಳು ಕಾರಿನೊಳಗೇ ಬಾರಿಸಲಿ.

ಎಲ್ಲರಿಗೂ ಶುಭ ಪ್ರಯಾಣ!