ಬೆತ್ಲೆಹೇಮಿನಿಂದ ಕಲ್ಯಾಣಕ್ಕೆ

ಹೋದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಸರ್ವಜ್ಞನ ವಚನಗಳ ದಪ್ಪ ಪುಸ್ತಕವೊಂದನ್ನು ವಾಚನಾಲಯದಿಂದ ಎತ್ತಿಕೊಂಡು ನನ್ನ ಬಳಿಗೆ ಬಂದ. ಒಳಪುಟದಲ್ಲಿ ಸಂಪಾದಕರ ಹೆಸರಿನ ಹಿಂದೆ ಅಚ್ಚಾಗಿದ್ದ ಒಂದು ಅಕ್ಷರದ ಮೇಲೆ ಬೆರಳಿಟ್ಟು, "ಇದು 'ರೆ.' ಅಂದರ ಏನ್ರಿ ಗುರುಗಳ?" ಎಂದು ಕೇಳಿದ. ಅದು 'ರೆವರೆಂಡ್' ಎಂಬದರ ಸಂಕ್ಷೇಪ, ಕ್ರೈಸ್ತಸಭೆಯ ಪಾದ್ರಿಗಳ ಹೆಸರಿಗೆ ಸೇರುವ ಗೌರವದ ಮಾತು ಎಂದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. "ಪಾದ್ರಿಗೋಳಿಗೆ ಸರ್ವಜ್ಞ ಯಾಕ ಬೇಕಾಗಿತ್ತರಿ?" ಎಂದ.

ಕೇಳಿದವನು ಚಿಕ್ಕವನಾದರೂ ಪ್ರಶ್ನೆ ಚಿಕ್ಕದಲ್ಲ. ನಮ್ಮ ಈ ಸೀಮೆಯಲ್ಲಂತೂ ಅದಕ್ಕೆ ಇನ್ನಷ್ಟು ಮೊನೆಯುಂಟು. ಕಿತ್ತೂರ ಕೋಟೆಯ ಮುಂದೆ ಕಲೆಕ್ಟರ ಥ್ಯಾಕರೆ ಬಿದ್ದದ್ದು 1824ರ ಅಕ್ಟೋಬರ 23ರಂದು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದ್ದು 1829ರಲ್ಲಿ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಕಾಲಿಟ್ಟದ್ದು 1837ರಲ್ಲಿ. ಅಂದರೆ ಆ ನೋವು ಇನ್ನೂ ಮಾಯದಿದ್ದ ಕಾಲ. ಬಂದವರು ಕಂಪನಿಯ ನೌಕರರಲ್ಲ, ಹೆಚ್ಚಿನವರು ಇಂಗ್ಲಿಷರೂ ಅಲ್ಲ. ಜರ್ಮನಿ, ಸ್ವಿಟ್ಸರ್ಲಂಡುಗಳಿಂದ ಬಂದವರು. ಆದರೆ ಜನರ ಕಣ್ಣಿಗೆ ಬಿಳಿಯ ಮೋರೆಗಳೆಲ್ಲ ಒಂದೇ. ಇನ್ನೊಂದು ಕಡೆಯಿಂದ ನೋಡಿದರೆ ಇದು ಶರಣರು ನಡೆದ ನೆಲ. ಎಮ್. ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆಯ ಒಡಲಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ. ಶರಣರು ಬಿಜ್ಜಳನ ದಂಡನ್ನು ಎದುರಿಸಿದರೆಂದು ಐತಿಹ್ಯ ಹೇಳುವ ಕಾದರವಳ್ಳಿ. ಮಡಿವಾಳ ಮಾಚಯ್ಯನ ನೆನಪನ್ನು ಇಟ್ಟುಕೊಂಡ ರಾಮದುರ್ಗದ ಕಡೆಯ ಗೊಡಚಿ. ಕ್ರಿಸ್ತನ ಸುವಾರ್ತೆ ಇಂಥ ನೆಲಕ್ಕೆ ಬಂದಾಗ ಅದು ಇಲ್ಲಿಯ ಮಾತನ್ನು ಕೇಳಿಸಿಕೊಳ್ಳಬೇಕೋ ಅಥವಾ ತನ್ನದನ್ನಷ್ಟೇ ಹೇಳಿ ಮುಗಿಸಬೇಕೋ? ಈ ಪ್ರಶ್ನೆಗೆ ತಮ್ಮ ಇಡೀ ಬದುಕನ್ನೇ ಒತ್ತೆಯಿಟ್ಟವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು.

ಅವರು ಹುಟ್ಟಿದ್ದು 1881ರ ಅಕ್ಟೋಬರ 28ರಂದು, ಧಾರವಾಡದಲ್ಲಿ. ಮನೆತನದ ಮೂಲ ಹೂವಿನಹಡಗಲಿ ಸೀಮೆಯ ಉತ್ತಂಗಿ ಎಂಬ ಊರು. ಹಿರಿಯರು ಲಿಂಗವಂತರು; ಮುಂದೆ ಕ್ರೈಸ್ತಮತವನ್ನು ಅಂಗೀಕರಿಸಿದರು. ಮತ ಬದಲಾದರೂ ಊರ ಹೆಸರು ಹೋಗಲಿಲ್ಲ, ಚೆನ್ನಪ್ಪ ಎಂಬ ಹೆಸರೂ ಉಳಿಯಿತು. ಇದೇ ಧಾರವಾಡದಲ್ಲಿ ಒಂದು ವರ್ಷ ಮೊದಲು, 1880ರಲ್ಲಿ, ಫ. ಗು. ಹಳಕಟ್ಟಿಯವರು ಹುಟ್ಟಿದ್ದರು. ಒಬ್ಬರು ವಚನಗಳನ್ನು ಕೂಡಿಸಿದರು, ಇನ್ನೊಬ್ಬರು ಸರ್ವಜ್ಞನನ್ನು ಕೂಡಿಸಿದರು. ಒಂದೇ ಊರ ಗಾಳಿ ಕುಡಿದ ಒಂದೇ ಓರಗೆಯ ಇಬ್ಬರಿಗೆ ಒಂದೇ ಬಗೆಯ ಹುಚ್ಚು ಹಿಡಿದದ್ದು ನನಗೆ ಯಾವಾಗಲೂ ಸೋಜಿಗ.

ದೇವವಿದ್ಯೆಯನ್ನು ಚೆನ್ನಪ್ಪನವರು ಕಲಿತದ್ದು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ. ಅದೇ ಮಿಶನ್ನಿನ ಮಂಗಳೂರ ಅಚ್ಚುಕೂಟದಿಂದ 1894ರಲ್ಲಿ ಕಿಟ್ಟೆಲರ ಕನ್ನಡ ಕೋಶ ಹೊರಬಿದ್ದಿತ್ತು. ಮೋಗ್ಲಿಂಗರು ಹಳಗನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿದ್ದು ಅದಕ್ಕೂ ಹಿಂದಿನ ಮಾತು. ಆದರೆ ಒಂದು ಭೇದವನ್ನು ಮರೆಯಬಾರದು. ಕಿಟ್ಟೆಲ್ ಮೋಗ್ಲಿಂಗರಿಗೆ ಕನ್ನಡ ಕಲಿತು ಬಂದ ನುಡಿ. ಉತ್ತಂಗಿಯವರಿಗೆ ತಾಯಿಯ ನುಡಿ. ಅವರು ಬಸವಣ್ಣನನ್ನು ಓದಿದ್ದು ತಮ್ಮದೇ ಹಿರಿಯರ ಮನೆಯ ಕದ ತಟ್ಟಿದಂತೆ.

ಓದು ಮುಗಿಸಿ ಸಭಾಪಾಲಕರಾಗಿ ಹುಬ್ಬಳ್ಳಿ ಧಾರವಾಡಗಳ ಸುತ್ತಿನ ಸಭೆಗಳಲ್ಲಿ ಕೆಲಸಕ್ಕೆ ನಿಂತ ಕೆಲವು ವರ್ಷಗಳಲ್ಲಿ 1914ರ ಮಹಾಯುದ್ಧ ಬಂತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಶತ್ರುಗಳೆಂದು ಹಿಡಿದಿಟ್ಟಿತು. ಮಿಶನ್ನಿನ ಹೆಂಚಿನ ಕಾರಖಾನೆ, ಮಗ್ಗಗಳು ಅನ್ಯರ ಕೈಸೇರಿದವು. ಗುರುಗಳು ಹೋದ ಮೇಲೆ ಸಭೆಗಳ ಭಾರವೆಲ್ಲ ಈ ನೆಲದ ಪಾದ್ರಿಗಳ ಹೆಗಲಿಗೆ ಬಂತು.

ಇಲ್ಲಿ ನಾವು ಒಂದು ಗಳಿಗೆ ಬಾಸೆಲ್ ಪಟ್ಟಣಕ್ಕೆ ಹೋಗಿ ಬರಬೇಕು. ಮಿಶನ್ನಿನ ತವರೂರು ಅದು. ಇಪ್ಪತ್ತನೆಯ ಶತಮಾನದ ಪ್ರಾಟೆಸ್ಟಂಟ್ ದೇವವಿದ್ಯಾಪಂಡಿತರಲ್ಲಿ ಹೆಸರಾಂತ ಕಾರ್ಲ್ ಬಾರ್ತ್ ಹುಟ್ಟಿದ್ದೂ ಅಲ್ಲಿಯೇ, 1886ರಲ್ಲಿ. ನಮ್ಮ ಚೆನ್ನಪ್ಪನವರಿಗಿಂತ ಐದು ವರ್ಷ ಚಿಕ್ಕವರು. ಇವರು ಇಲ್ಲಿ ಸಭಾಪಾಲಕರಾಗಿದ್ದಾಗ ಅವರು ಸ್ವಿಟ್ಸರ್ಲಂಡಿನ ಸಾಫೆನ್‌ವಿಲ್ ಎಂಬ ಗಿರಣಿಯ ಊರಲ್ಲಿ ಕೂಲಿಕಾರರ ನಡುವೆ ಸಭಾಪಾಲಕರು. ಅದೇ 1914ರಲ್ಲಿ ಜರ್ಮನಿಯ 93 ಜನ ಪಂಡಿತರು ಕೈಸರನ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದರು. ಆ ಯಾದಿಯಲ್ಲಿ ತಮಗೆ ದೇವವಿದ್ಯೆ ಕಲಿಸಿದ ಗುರುಗಳ ಹೆಸರುಗಳನ್ನು ಕಂಡು ಬಾರ್ತರ ಎದೆ ಒಡೆಯಿತು. ದೇವರ ಹೆಸರಿನಲ್ಲಿ ಇಷ್ಟು ದಿನ ಕಲಿತದ್ದು ಮನುಷ್ಯನ ಹೆಮ್ಮೆಯನ್ನೇ ಅಲ್ಲವೆ ಎಂದೆನಿಸಿತು. ಮನುಷ್ಯನು ಕೆಳಗಿನಿಂದ ಕಟ್ಟುವ ಯಾವ ಏಣಿಯೂ ದೇವರನ್ನು ಮುಟ್ಟದು, ದೇವರೇ ಕ್ರಿಸ್ತನಲ್ಲಿ ಕೆಳಗಿಳಿದು ಬಂದು ಮಾತಾಡಬೇಕು, ಮತಧರ್ಮವೆಂಬದೆಲ್ಲ, ಕ್ರೈಸ್ತರ ಮತವೂ ಕೂಡಿ, ಮನುಷ್ಯ ತನಗೆ ಬೇಕಾದ ದೇವರನ್ನು ತಾನೇ ಮಾಡಿಕೊಳ್ಳುವ ಅವಿಶ್ವಾಸ—ಇದು ಮುಂದೆ ಅವರು ಹಿಡಿದ ವಾದ. ಬರಿಯ ಪುಸ್ತಕದ ವಾದವಲ್ಲ ಇದು. 1934ರಲ್ಲಿ ಹಿಟ್ಲರನ ಪಕ್ಷ ಇಗರ್ಜಿಯನ್ನು ತನ್ನ ಮುಷ್ಟಿಗೆ ತೆಗೆದುಕೊಳ್ಳಲು ಹೊರಟಾಗ ಬಾರ್ಮೆನ್ ಘೋಷಣೆಯನ್ನು ಮುಖ್ಯವಾಗಿ ಬರೆದವರು ಬಾರ್ತರು. ಹಿಟ್ಲರನಿಗೆ ನಿಷ್ಠೆಯ ಆಣೆಯನ್ನು ಷರತ್ತಿಲ್ಲದೆ ಇಡಲು ಒಪ್ಪದೆ ಬಾನ್ ವಿದ್ಯಾಪೀಠದ ಕೆಲಸ ಕಳಕೊಂಡು 1935ರಲ್ಲಿ ಬಾಸೆಲಿಗೆ ಮರಳಿದರು. 1968ರಲ್ಲಿ ಅಲ್ಲಿಯೇ ತೀರಿಕೊಂಡರು.

ಸಿಲೋನಿನ ಡಿ. ಟಿ. ನೈಲ್ಸ್ ಎಂಬ ಕ್ರೈಸ್ತ ಪಂಡಿತರು ಹೇಳುತ್ತಿದ್ದ ಒಂದು ಸಂಗತಿಯುಂಟು. 1935ರಲ್ಲಿ ಅವರು ಬಾರ್ತರನ್ನು ಕಂಡಾಗ ಮತಗಳೆಲ್ಲ ಅವಿಶ್ವಾಸವೆಂಬ ಮಾತು ಬಂತು. ತಾವು ಎಷ್ಟು ಜನ ಹಿಂದುಗಳನ್ನು ಕಂಡಿದ್ದೀರಿ ಎಂದು ನೈಲ್ಸ್ ಕೇಳಿದರು. ಒಬ್ಬರನ್ನೂ ಇಲ್ಲವೆಂದರು ಬಾರ್ತ್. ಹಾಗಾದರೆ ಹಿಂದೂಮತ ಅವಿಶ್ವಾಸವೆಂಬದು ತಮಗೆ ಹೇಗೆ ತಿಳಿಯಿತು? ಅದು ಅನುಭವಕ್ಕೆ ಮೊದಲೇ ಸಿದ್ಧವಾದ ಮಾತು ಎಂಬರ್ಥದ ಉತ್ತರ ಬಂತಂತೆ. ನೈಲ್ಸ್ ತಲೆಯಾಡಿಸಿ ಸುಮ್ಮನೆ ನಕ್ಕರಂತೆ.

ನನಗೆ ಬಾರ್ತರ ಮೇಲೆ ಗೌರವವುಂಟು. ಅರಸನ ಆಣೆಯನ್ನು ಒಲ್ಲೆನೆಂದವರು ಅವರು; ಬಿಜ್ಜಳನ ಊರಿನ ಕಥೆ ಕೇಳಿ ಬೆಳೆದ ನಮಗೆ ಅದು ಅರ್ಥವಾಗದ ಮಾತಲ್ಲ. ಆದರೆ ಕಾಣದೆ ಹೇಳುವ ತೀರ್ಪಿಗೆ ಎದುರಾಗಿ ಉತ್ತಂಗಿಯವರ ಬದುಕನ್ನು ಇಟ್ಟು ನೋಡಬೇಕೆನಿಸುತ್ತದೆ.

ಅವರು ಮಾಡಿದ್ದೇನು? ಮೊದಲು, 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಹೊತ್ತಗೆ ಬರೆದರು. ಹೆಸರನ್ನೇ ಗಮನಿಸಿರಿ. ಅದು ಬೆತ್ಲೆಹೇಮಿನ ಆಹ್ವಾನವೂ ಅಲ್ಲ, ಸವಾಲೂ ಅಲ್ಲ, ವಿನಂತಿ. ವಿನಂತಿ ಮಾಡುವವನು ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗಿನವರು ಏನೆನ್ನುತ್ತಾರೆಂದು ಕೇಳುವ ತಾಳ್ಮೆ ಅವನಿಗೆ ಬೇಕಾಗುತ್ತದೆ. ಆ ಕಾಲದ ಎಷ್ಟೋ ಮತಪ್ರಚಾರದ ಕರಪತ್ರಗಳನ್ನು ಬಲ್ಲವರಿಗೆ ಈ ಒಂದು ಶಬ್ದದ ಬೆಲೆ ತಿಳಿಯುವದು.

ಎರಡನೆಯದು ಸರ್ವಜ್ಞ. ಇದರ ಕಷ್ಟವನ್ನು ಕನ್ನಡ ಕಲಿಸುವವನಾದ ನಾನು ಸ್ವಲ್ಪ ಬಿಡಿಸಿ ಹೇಳಬೇಕು. ವಚನಕಾರರಿಗೆ ಮಠಗಳಿದ್ದವು, ಓಲೆಯ ಕಟ್ಟುಗಳಿದ್ದವು, ಅವನ್ನು ಪೂಜಿಸಿ ಕಾಯುವ ಜನರಿದ್ದರು. ಸರ್ವಜ್ಞನಿಗೆ ಮಠವಿಲ್ಲ, ಶಿಷ್ಯವರ್ಗವಿಲ್ಲ. ಅವನ ಪದಗಳು ಕೆಲವು ಓಲೆಗರಿಯಲ್ಲಿ, ಕೆಲವು ಶಾನುಭೋಗರ ಕಡತದ ಮೂಲೆಯಲ್ಲಿ, ಹೆಚ್ಚಿನವು ಜನರ ನಾಲಗೆಯ ಮೇಲೆ. ತ್ರಿಪದಿಯೋ ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳಿಗೂ ಒಲಿಯುವ ಮಟ್ಟು. ಮೂರು ಸಾಲು ಕಟ್ಟಿ ಕೊನೆಗೆ ಆ ಹೆಸರನ್ನು ಅಂಟಿಸಿದರೆ ಯಾರ ಮಾತೂ ಸರ್ವಜ್ಞನ ಮಾತಾಗಿಬಿಡುತ್ತದೆ. ಒಂದೂರಿನ ಪಾಠ ಇನ್ನೊಂದೂರಿಗೆ ಹೊಂದುವದಿಲ್ಲ. ಇಂಥದನ್ನು ಊರೂರು ಅಲೆದು, ಬೇಡಿ, ಬರೆದುಕೊಂಡು, ಒಂದಕ್ಕೊಂದು ತಾಳೆ ನೋಡಿ, ವಿಷಯದ ಮೇಲೆ ಪದ್ಧತಿಗಳಾಗಿ ವಿಂಗಡಿಸಿ, ಸುಮಾರು 2000 ತ್ರಿಪದಿಗಳ ಸಂಗ್ರಹವನ್ನು ಅವರು 1924ರಲ್ಲಿ ಹೊರತಂದರು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದದ್ದು ಅದರ ಹಿಂದಿನ ವರ್ಷ. 'ತಿರುಳ್ಗನ್ನಡದ ತಿರುಕ' ಎಂದು ಜನ ಉತ್ತಂಗಿಯವರನ್ನು ಕರೆದದ್ದು ಬರಿಯ ಅಲಂಕಾರವಲ್ಲ. ನಿಜವಾಗಿಯೂ ತಿರಿದೇ ತಂದ ಸಿರಿ ಅದು.

ಆ ಸಂಗ್ರಹದಲ್ಲಿ ಶಿವನ ಹಿರಿಮೆ, ಗುರುವಿನ ಹಿರಿಮೆ, ಲಿಂಗದ ಮಾತು ಯಾವುದಕ್ಕೂ ಕೊರತೆಯಿಲ್ಲ. ಪಾದ್ರಿಯೊಬ್ಬರು ತಮ್ಮ ಮತಕ್ಕೆ ಒಗ್ಗುವ ನೀತಿಯ ಪದಗಳನ್ನಷ್ಟೇ ಆರಿಸಿ ಒಂದು ಚಿಕ್ಕ ಪುಸ್ತಕ ಮಾಡಬಹುದಿತ್ತು, ಯಾರೂ ದೂರುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನನ್ನ ಮಟ್ಟಿಗೆ ಇದೇ ಅವರ ದೇವವಿದ್ಯೆ. ನೆರೆಯವನನ್ನು ಪ್ರೀತಿಸು ಎಂಬ ಅಪ್ಪಣೆಯನ್ನು ಅವರು ನೆರೆಯವನ ಪಾಠವನ್ನು ತಿದ್ದದೆ ಉಳಿಸುವ ಮಟ್ಟಕ್ಕೆ ಒಯ್ದರು.

ಹಾಗೆಂದು ಅವರ ಕೆಲಸವೆಲ್ಲ ಕೊನೆಯ ಮಾತೆಂದು ತಿಳಿಯಬೇಕಿಲ್ಲ. ಆ ತ್ರಿಪದಿಗಳಲ್ಲಿ ಬೇರೆಯವರು ಕಟ್ಟಿ ಸೇರಿಸಿದವು ಎಷ್ಟೋ ಇವೆಯೆಂದು ಮುಂದಿನ ವಿದ್ವಾಂಸರು ಜರಡಿ ಹಿಡಿದಿದ್ದಾರೆ. 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಗ್ರಂಥದಲ್ಲಿ ಅವರು ಕಲ್ಯಾಣದ ಮಂಟಪ ಬರಿಯ ಕಲ್ಪನೆಯಲ್ಲ, ನಡೆದ ಸಂಗತಿ ಎಂದು ವಾದಿಸಿದರು. ಮಂಟಪದ ಚಿತ್ರವನ್ನು ವಿಸ್ತಾರವಾಗಿ ಕೊಡುವ ಶೂನ್ಯಸಂಪಾದನೆ ಹದಿನೈದನೆಯ ಶತಮಾನದ್ದು, ಬಸವಣ್ಣನಿಂದ ಬಹಳ ದೂರದ್ದು ಎಂಬ ತೊಡಕು ಅಲ್ಲಿ ಉಳಿದೇ ಇದೆ. ಆದರೂ ಆ ಮಂಟಪದ ಪರವಾಗಿ ವಕಾಲತ್ತು ಹಿಡಿದು ನಿಂತವರು ಒಬ್ಬ ಕ್ರೈಸ್ತ ಪಾದ್ರಿ ಎಂಬದನ್ನು ನಾವು ಲಕ್ಷಿಸಬೇಕು. ಭೂಸನೂರಮಠರ ಜೊತೆಗೂಡಿ ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. 1955ರಲ್ಲಿ ಸಿದ್ಧರಾಮನ ಸಾಹಿತ್ಯ ಸಂಗ್ರಹ ಬಂತು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಇಂಥವರನ್ನು ಎರಡೂ ದಂಡೆಯವರು ಅನುಮಾನಿಸುವದು ಸಹಜ. ಇವನ ಬಸವಭಕ್ತಿಯಲ್ಲಿ ಮತಾಂತರದ ಗಾಳವಿದೆಯೆ ಎಂದು ಇವರು. ಇವನ ಕ್ರಿಸ್ತಭಕ್ತಿಯಲ್ಲಿ ಹಳೆಯ ಮನೆಯ ಸೆಳೆತವಿದೆಯೆ ಎಂದು ಅವರು. ಎಲ್ಲ ಮತಗಳೂ ಒಂದೇ ಎಂದು ತೇಲಿಸಿ ಮಾತಾಡಿದ್ದರೆ ಚೆನ್ನಪ್ಪನವರು ಎರಡರಿಂದಲೂ ಪಾರಾಗಬಹುದಿತ್ತು. ಅವರು ಕೊನೆಯ ತನಕ ಕ್ರೈಸ್ತರೇ, ಪಾದ್ರಿಗಳೇ. ಎರಡೂ ಕೈಗಳಲ್ಲಿ ಎರಡು ದೀಪ ಹಿಡಿದು ಗಾಳಿಯಲ್ಲಿ ನಡೆದವರು.

ಕನ್ನಡಿಗರು ಮಾತ್ರ ಅವರನ್ನು ಗುರುತಿಸಿದರು. ಹೈದರಾಬಾದ ಸಂಸ್ಥಾನ ನಿಜಾಮನ ಕೈಬಿಟ್ಟ ಮರುವರ್ಷ, 1949ರಲ್ಲಿ, ಕಲಬುರ್ಗಿಯಲ್ಲಿ ಕೂಡಿದ 32ನೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಕಲ್ಯಾಣದ ಸೀಮೆಗೆ ಬೆತ್ಲೆಹೇಮಿನವರು ಹೋದದ್ದು ಹೀಗೆ.

ಅವರು ತೀರಿಕೊಂಡದ್ದು 1962ರ ಆಗಸ್ಟ 28ರಂದು. ಅದೇ ವರ್ಷ ಬೆಂಗಳೂರಿನಲ್ಲಿ ಇತರ ಧರ್ಮಗಳ ಅಭ್ಯಾಸಕ್ಕೆಂದು ಕ್ರೈಸ್ತ ಸಂಸ್ಥೆಯೊಂದನ್ನು ಬೆಳೆಸಿದ ಪಿ. ಡಿ. ದೇವನಂದನ್ನರೂ ತೀರಿಕೊಂಡರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವವಿದ್ಯೆ ಕಲಿಸಿದ ಸ್ಟ್ಯಾನ್ಲಿ ಸಮರ್ಥರು 1971ರಲ್ಲಿ ಜಿನೀವಾದ ಜಾಗತಿಕ ಸಭಾಮಂಡಲಿಯಲ್ಲಿ ಸರ್ವಧರ್ಮ ಸಂವಾದದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಅವರು ತೀರಿಕೊಂಡದ್ದು 2001ರಲ್ಲಿ. ನಮ್ಮವರು ಬಾಸೆಲಿನ ಮಿಶನ್ನಿನಿಂದ ಕಲಿತದ್ದು ಹೀಗೆ ಸ್ವಿಟ್ಸರ್ಲಂಡಿಗೆ ಬೇರೊಂದು ರೂಪದಲ್ಲಿ ಮರಳಿ ಹೋಯಿತು.

ಇಷ್ಟನ್ನೂ ಆ ಹುಡುಗನಿಗೆ ಹೇಳಲಿಲ್ಲ; ತಾಸು ಮುಗಿದಿತ್ತು. ರೆವರೆಂಡ್ ಎಂದರೆ ಪೂಜ್ಯ ಎಂದು ಅರ್ಥ, ಅವರು ಸರ್ವಜ್ಞನಿಗಾಗಿ ಹಳ್ಳಿ ಹಳ್ಳಿ ತಿರುಗಿದರು ಎಂದಷ್ಟೇ ಹೇಳಿದೆ. ಅವನು ತುಸು ವಿಚಾರ ಮಾಡಿ, "ಹಂಗಾದರ ಅವರೂ ಅಯ್ಯನವರ ಅನ್ರಿ" ಎಂದು ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಹೋದ. ಹದಿನೈದು ದಿನ ಕಳೆದರೂ ವಾಚನಾಲಯಕ್ಕೆ ತಿರುಗಿ ಕೊಡಲಿಲ್ಲ. ವಿಚಾರಿಸಿದರೆ ಅವನ ಅಜ್ಜಿ ಓದಿಸಿಕೊಂಡು ಕೇಳುತ್ತಿದ್ದಾಳೆಂದ. ಅದರಲ್ಲಿಲ್ಲದ ಎರಡು ಪದ ಅವಳಿಗೆ ಬರುತ್ತವೆಯಂತೆ.