ಊಟದ ಮೇಜಿನ ಬೆಳ್ಳಿ ಗಂಟೆ: ತೂಕ, ಮುದ್ರೆ ಮತ್ತು ತೆರಿಗೆ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮೂಲಕ ಮಾನಂದವಾಡಿಗೆ ಸಾಗುವ ರಸ್ತೆಯಲ್ಲಿ ಅಂತರಸಂತೆ ಸಿಗುತ್ತದೆ. ಊರು ದಾಟಿದರೆ ಕಾಡು. ಕಾಡಿನಾಚೆ ಬಾವಲಿ, ಅದರಾಚೆ ವಯನಾಡಿನ ಕಾಫಿ ಮತ್ತು ಚಹಾ ತೋಟಗಳು. ಈ ಸೀಮೆಯ ಸುತ್ತ ಒಂದು ಕಾಲಕ್ಕೆ ಬ್ರಿಟಿಷ್ ಪ್ಲಾಂಟರುಗಳ ಬಂಗಲೆಗಳೂ ಮೈಸೂರು ಅರಸರ ಬೇಟೆಯ ಬಿಡಾರಗಳೂ ಇದ್ದವು. ಮುಂದೆ ಐದನೆಯ ಜಾರ್ಜ್ ಆಗಿ ಪಟ್ಟವೇರಿದ ವೇಲ್ಸ್ ರಾಜಕುಮಾರರು 1906ರಲ್ಲಿ ಖೆಡ್ಡಾ ವೀಕ್ಷಣೆಗೆಂದು ಬಂದದ್ದು ಇದೇ ಕಾಕನಕೋಟೆಯ ಕಾಡಿಗೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕೆಲವೇ ವರ್ಷಗಳಲ್ಲಿ ಕಬಿನಿ ಜಲಾಶಯದ ನೀರು ಆ ನೆಲದ ಬಹುಭಾಗವನ್ನು ಆವರಿಸಿತು. ಕಾರಾಪುರದ ಬೇಟೆಯ ಬಂಗಲೆ ಪ್ರವಾಸಿಗರ ತಂಗುದಾಣವಾಯಿತು.

ಅಂತಹ ಬಂಗಲೆಗಳ ಊಟದ ಮೇಜಿನ ಮೇಲೆ, ಮನೆಯೊಡತಿಯ ಬಲಗೈಗೆ ಎಟಕುವಂತೆ, ಗೇಣಿಗಿಂತ ಚಿಕ್ಕದಾದ ಬೆಳ್ಳಿಯ ಗಂಟೆಯೊಂದನ್ನು ಇಡುವುದು ಪದ್ಧತಿಯಾಗಿತ್ತು. ಒಂದು ಬಡಿಸಾಟ ಮುಗಿದು ಮುಂದಿನದು ಬರಬೇಕೆಂಬುದಕ್ಕೆ ಅದೇ ಸೂಚನೆ. ಅಡುಗೆಮನೆಗೆ ಕೂಗು ಹಾಕಿದರೆ ಸಾಕಾಗುವ ಮನೆಗಳಲ್ಲಿ ಇದಕ್ಕೆ ಕೆಲಸವಿಲ್ಲ. ಆದ್ದರಿಂದ ಕೈ ಬದಲಾದ ಇಂತಹ ಗಂಟೆಗಳು ಸಾಮಾನ್ಯವಾಗಿ ಸೇರುವುದು ಎರಡೇ ಕಡೆ: ಸಂಗ್ರಾಹಕರ ಕಪಾಟು, ಇಲ್ಲವೇ ಅಕ್ಕಸಾಲಿಗರ ಮೂಸೆ. ಬೆಳ್ಳಿಯ ಬೆಲೆ 2025ರಲ್ಲಿ ಕಿಲೋಗ್ರಾಂಗೆ ಒಂದೂವರೆ ಲಕ್ಷ ರೂಪಾಯಿಯನ್ನು ದಾಟಿದ ಮೇಲೆ ಮೂಸೆಯ ಆಕರ್ಷಣೆ ಹೆಚ್ಚಿದೆ.

ಲೆಕ್ಕವನ್ನು ನೋಡಬಹುದು. ಸ್ಟರ್ಲಿಂಗ್ ಎಂದರೆ ಸಾವಿರದಲ್ಲಿ 925 ಪಾಲು ಅಪ್ಪಟ ಬೆಳ್ಳಿ. ಉಳಿದದ್ದು ಹೆಚ್ಚಾಗಿ ತಾಮ್ರ. 150 ಗ್ರಾಂ ತೂಗುವ ಗಂಟೆಯಲ್ಲಿ 138.75 ಗ್ರಾಂ ಬೆಳ್ಳಿಯಿದ್ದು, ಮೇಲಿನ ದರದಲ್ಲಿ ಅದರ ಲೋಹಮೌಲ್ಯ 20,812 ರೂಪಾಯಿ. ಆದರೆ ತಕ್ಕಡಿಯಲ್ಲಿ ಕಾಣುವುದೆಲ್ಲ ಬೆಳ್ಳಿಯಲ್ಲ. ಗಂಟೆಯ ನಾಲಿಗೆ ಕಬ್ಬಿಣದ್ದೋ ಹಿತ್ತಾಳೆಯದೋ ಆಗಿರಬಹುದು; ಪೊಳ್ಳು ಹಿಡಿಕೆಯೊಳಗೆ ಅರಗು ತುಂಬಿರಬಹುದು. ಗುಂಡಿ ಒತ್ತಿದರೆ ಬಾರಿಸುವ ಬಗೆಯಲ್ಲಿ ಒಳಗಿನ ಯಂತ್ರವೆಲ್ಲ ಉಕ್ಕು. ಬೆಳ್ಳಿಯ ಗಂಟೆಗೆ ನಾದ ಹೆಚ್ಚು ಎಂಬ ನಂಬಿಕೆಯೂ ಸರಿಯಲ್ಲ. ಬೆಳ್ಳಿ ಮೆದು ಲೋಹ. ತಾಮ್ರ ಮತ್ತು ತವರ ಬೆರೆತ ಕಂಚಿನ ಪೂಜಾಗಂಟೆಯ ದೀರ್ಘ ನಾದ ಅದಕ್ಕೆ ಬಾರದು. ಕಿವಿಯನ್ನು ನಂಬಿ ಬೆಳ್ಳಿ ಕೊಳ್ಳುವವರು ಮೋಸಹೋಗುವ ಸಂಭವವೇ ಹೆಚ್ಚು.

ನಂಬಬೇಕಾದುದು ಮುದ್ರೆಯನ್ನು. ಇಂಗ್ಲೆಂಡಿನ ಸ್ಟರ್ಲಿಂಗ್ ವಸ್ತುವಿನ ಮೇಲೆ ನಡೆಯುತ್ತಿರುವ ಸಿಂಹ, ಪರೀಕ್ಷಾಲಯದ ಗುರುತು, ವರ್ಷ ಸೂಚಿಸುವ ಅಕ್ಷರ ಮತ್ತು ತಯಾರಕರ ಹೆಸರಿನ ಮೊದಲಕ್ಷರಗಳು ಇರುತ್ತವೆ. ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ 1975ರವರೆಗೆ ಕಿರೀಟ. 1784ರಿಂದ 1890ರವರೆಗೆ ಸುಂಕ ಸಂದಾಯವಾದುದಕ್ಕೆ ದೊರೆಯ ತಲೆಯ ಮುದ್ರೆಯೂ ಸೇರುತ್ತಿತ್ತು. ಹಾಗಾಗಿ 1880ರದೆಂದು ಹೇಳಲಾಗುವ ಲಂಡನ್ ಗಂಟೆಯಲ್ಲಿ ರಾಣಿಯ ತಲೆ ಕಾಣದಿದ್ದರೆ ಸಂಶಯಪಡುವುದು ಯುಕ್ತ. ಅಮೆರಿಕದ ಸಾಮಾನಿನ ಮೇಲೆ ‘ಸ್ಟರ್ಲಿಂಗ್’ ಎಂಬ ಪದ ಮಾತ್ರವಿರುವುದುಂಟು. ‘ಇ.ಪಿ.ಎನ್.ಎಸ್.’ ಎಂಬ ನಾಲ್ಕಕ್ಷರಗಳಿದ್ದರೆ ಅದು ಬೆಳ್ಳಿಯ ಲೇಪವಷ್ಟೆ. ಒಳಗಿರುವುದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಜರ್ಮನ್ ಸಿಲ್ವರ್ ಎಂದು ಪೇಟೆಯಲ್ಲಿ ಕರೆಯುವುದೂ ಇದೇ ಮಿಶ್ರಣವನ್ನೇ.

ದಕ್ಷಿಣ ಭಾರತದ ಖರೀದಿದಾರರು ಇನ್ನೊಂದು ವಿಷಯವನ್ನು ಗಮನಿಸಬೇಕು. ಮದರಾಸಿನ ಪಿ. ಆರ್ ಅಂಡ್ ಸನ್ಸ್, ಬೆಂಗಳೂರಿನ ಬಾರ್ಟನ್ ಮುಂತಾದ ಸಂಸ್ಥೆಗಳು ತಯಾರಿಸಿದ ಬೆಳ್ಳಿಯ ಮೇಲೆ ಸಿಂಹವಿರುವುದಿಲ್ಲ. ಇಲ್ಲಿ ಸರ್ಕಾರಿ ಪರೀಕ್ಷಾಲಯವಿರಲಿಲ್ಲವಾದ್ದರಿಂದ ಸಂಸ್ಥೆಯ ಹೆಸರೇ ಖಾತರಿ. ಸಿಂಹವಿಲ್ಲವೆಂಬ ಕಾರಣಕ್ಕೆ ಇವನ್ನು ಕರಗಿಸುವುದು ದುಡುಕು. ದೇವತಾಮೂರ್ತಿಗಳನ್ನು ಉಬ್ಬುಕೆತ್ತನೆಯಲ್ಲಿ ತೋರುವ ಮದರಾಸಿನ ‘ಸ್ವಾಮಿ’ ಶೈಲಿಯ ಸಾಮಾನಿಗೆ ಸಂಗ್ರಾಹಕರು ಲೋಹಮೌಲ್ಯಕ್ಕಿಂತ ಹೆಚ್ಚು ಕೊಡುತ್ತಾರೆ. ಇವೆಲ್ಲಕ್ಕೂ ದೊಡ್ಡ ಶತ್ರು ವಿಭೂತಿ. ಹಬ್ಬದ ಮುನ್ನಾದಿನ ಬೆಳ್ಳಿಯನ್ನು ವಿಭೂತಿ ಹಾಕಿ ಉಜ್ಜುವ ರೂಢಿಯಿಂದ ಕೆಲವು ದಶಕಗಳಲ್ಲಿ ಮುದ್ರೆ ಸವೆದುಹೋಗುತ್ತದೆ, ಅದರೊಡನೆ ಬೆಲೆಯೂ.

ವರ್ಷ ಸೂಚಿಸುವ ಅಕ್ಷರಕ್ಕೆ ತೆರಿಗೆಯ ದೃಷ್ಟಿಯಿಂದಲೂ ಮಹತ್ವವಿದೆ. ಬೆಳ್ಳಿಯ ಸಾಮಾನಿಗೆ ಸರಕು ಮತ್ತು ಸೇವಾ ತೆರಿಗೆ ಶೇಕಡಾ 3. ನೂರು ವರ್ಷ ಮೀರಿದ ಪ್ರಾಚೀನ ವಸ್ತುವಿಗೆ ಮೊದಲು ಶೇಕಡಾ 12 ಇದ್ದುದು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಮನೆಯವರಿಂದ ಹಳೆಯ ಗಂಟೆ ಕೊಂಡು ಮಾರುವ ನೋಂದಾಯಿತ ವ್ಯಾಪಾರಿ, ಹೂಡುವಳಿ ತೆರಿಗೆ ಜಮೆಯನ್ನು ಪಡೆಯದಿದ್ದಲ್ಲಿ, ಬಳಸಿದ ಸರಕುಗಳ ನಿಯಮ 32(5)ರಂತೆ ಲಾಭಾಂಶದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. 30,000 ರೂಪಾಯಿಗೆ ಕೊಂಡು 42,000ಕ್ಕೆ ಮಾರಿದರೆ ತೆರಿಗೆಗೆ ಒಳಪಡುವುದು 12,000 ರೂಪಾಯಿ. ತೆರಿಗೆ 360, ಗಂಟೆ ಪ್ರಾಚೀನವಾಗಿದ್ದರೆ 600. ವಸ್ತು ತನ್ನ ಸ್ವರೂಪದಲ್ಲೇ ಮಾರಾಟವಾಗಬೇಕೆಂಬುದು ಈ ನಿಯಮದ ಷರತ್ತು. ಕರಗಿಸಿದರೆ ಈ ಸೌಲಭ್ಯವೂ ಕರಗುತ್ತದೆ.

ಮಾರುವ ಮನೆಯವರ ಪ್ರಶ್ನೆ ಬೇರೆ. ಸ್ವಂತ ಬಳಕೆಯ ವಸ್ತುವಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ಆದರೆ ಸ್ವಂತ ಬಳಕೆ ಎಂದರೇನು? ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ, ಲಕ್ಷ್ಮೀಪೂಜೆಗೆ ಇಡುತ್ತಿದ್ದ ಬೆಳ್ಳಿಯ ಗಟ್ಟಿ ಹಾಗೂ ನಾಣ್ಯಗಳು ಆ ವರ್ಗಕ್ಕೆ ಬರುವುದಿಲ್ಲವೆಂದು ತೀರ್ಮಾನಿಸಿತು. ದಿನವೂ ಮೇಜಿನ ಮೇಲೆ ಬಾರಿಸುತ್ತಿದ್ದ ಗಂಟೆಗೂ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟ ಗಂಟೆಗೂ ಉತ್ತರ ಒಂದೇ ಆಗದು. ಕಲಾಕೃತಿಗಳನ್ನಂತೂ ಆ ವಿನಾಯಿತಿಯಿಂದ ಕಾನೂನೇ ಹೊರಗಿಟ್ಟಿದೆ.

ನೂರು ವರ್ಷ ತುಂಬಿದ, ಐತಿಹಾಸಿಕ ಮಹತ್ವವುಳ್ಳ ವಸ್ತುವಿಗೆ 1972ರ ಪುರಾತನ ವಸ್ತುಗಳ ಹಾಗೂ ಕಲಾನಿಧಿಗಳ ಕಾಯ್ದೆ ಅನ್ವಯಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಅಜ್ಜನ ಗಂಟೆಯನ್ನು ಒಯ್ಯುವ ತಂದೆ ತಾಯಿ ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ, ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ.

ಕಾಕನಕೋಟೆಯ ನೆರೆಯವರಿಗೆ ಹೇಳಬೇಕಾದ ಇನ್ನೊಂದು ಅಂಶವುಂಟು. ಕೆಲವು ಗಂಟೆಗಳ ಹಿಡಿಕೆ ದಂತದ್ದಾಗಿರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿಯಿಂದ ಭಾರತೀಯ ಆನೆದಂತದ, 1991ರ ತಿದ್ದುಪಡಿಯಿಂದ ಆಫ್ರಿಕದ ಆನೆದಂತದ ವ್ಯಾಪಾರ ನಿಷಿದ್ಧವಾಯಿತು. ವಸ್ತು ಎಷ್ಟೇ ಹಳೆಯದಾದರೂ ವಿನಾಯಿತಿಯಿಲ್ಲ. ಅಂತಹ ಗಂಟೆಗೆ ಎಷ್ಟೇ ಸ್ಪಷ್ಟವಾದ ಮುದ್ರೆಯಿರಲಿ, ಎಷ್ಟೇ ಅಗ್ಗವಾಗಿ ದೊರೆಯಲಿ, ವ್ಯಾಪಾರಿ ಅದನ್ನು ಮುಟ್ಟಬಾರದು. ಉಳಿದವುಗಳ ಖರೀದಿ ಚೀಟಿಯಲ್ಲಿ ಮಾರಿದವರ ಹೆಸರು, ವಿಳಾಸ, ಸಹಿಯ ಜೊತೆಗೆ ಮುದ್ರೆಗಳ ಛಾಯಾಚಿತ್ರವನ್ನೂ, ನಾಲಿಗೆ ಬಿಚ್ಚಿದ ನಂತರದ ತೂಕವನ್ನೂ ದಾಖಲಿಸಿಡತಕ್ಕದ್ದು.