ಅರ್ಜಿಯ ‘ವಿಷಯ’ ಬದಲಾದಾಗ

ಭಾಲ್ಕಿಯೋ ಔರಾದೋ, ಕಚೇರಿ ಮುಂದೆ ಅರ್ಜಿ ಬರೆದುಕೊಡುವವರನ್ನು ಕೇಳಿ ನೋಡಿ. ಒಳಗಿನ ಒಕ್ಕಣೆ ಹೇಗಾದರೂ ಇರಲಿ, ‘ವಿಷಯ’ ಎಂಬ ಸಾಲು ತಪ್ಪಿದರೆ ಕಾಗದ ಮೇಜು ದಾಟುವುದಿಲ್ಲ ಎನ್ನುತ್ತಾರೆ. ಭಾರತದ ಹೆಂಗಸರ ಮತದ ಬೇಡಿಕೆ ಬ್ರಿಟಿಷ್ ಸರ್ಕಾರದ ಮುಂದೆ ಹೋದದ್ದೂ ಅಂಥದೊಂದು ‘ವಿಷಯ’ ತಿದ್ದಿದ ಮೇಲೆಯೇ.

ತಿದ್ದಿದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನವರು, ಸಂಗೀತದಲ್ಲಿ ಪದವಿ ಪಡೆದವರು, ಪಿಯಾನೋ ನುಡಿಸುವವರು. ಅದೇ ಕೈಯಿಂದ 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಗಾಜು ಒಡೆದು ಜೈಲಿಗೂ ಹೋಗಿದ್ದರು. ಅಲ್ಲಿನ ಹೆಂಗಸರಿಗೆ ಮತ ಬೇಕೆಂದು. 1915ರಲ್ಲಿ ಗಂಡನ ಜೊತೆ ಭಾರತಕ್ಕೆ ಬಂದು ಮದರಾಸು ಪ್ರಾಂತ್ಯದ ಮದನಪಲ್ಲಿ ಸೇರಿದರು.

1917ರಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಆಡಳಿತ ಸುಧಾರಣೆಯ ಬಗ್ಗೆ ಜನರ ಮಾತು ಕೇಳಲು ಬರುವುದೆಂದಾಯಿತು. ಕಸಿನ್ಸ್ ಭೇಟಿ ಕೇಳಿದರು, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಹೇಳಿಕೊಳ್ಳಲು. ರಾಜಕೀಯದ ಮಾತಿದ್ದವರಿಗೆ ಮಾತ್ರ ಅವಕಾಶ ಎಂದು ತಿಳಿದುಬಂತು. ಬಾಗಿಲು ಮುಚ್ಚಲೆಂದೇ ಮಾಡಿದಂತಿದ್ದ ಆ ನಿಯಮ ಅವರ ಕೈಗೆ ಬೀಗದ ಕೈ ಕೊಟ್ಟಿತು. ಜೈಲು ನೋಡಿಬಂದವರಿಗೆ ರಾಜಕೀಯ ಅಂದರೇನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅರ್ಜಿ ತಿದ್ದಿದರು: ಶಿಕ್ಷಣದ ಜೊತೆಗೆ ಮತದ ಹಕ್ಕೂ ಸೇರಿತು.

ಡಿಸೆಂಬರ್ 18ರಂದು ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡ ನಿಯೋಗಕ್ಕೆ ಮುಂದಾಳು ಸರೋಜಿನಿ ನಾಯ್ಡು. ಅವರು ಹೈದರಾಬಾದಿನ ಮಗಳು. ನಮ್ಮ ಬೀದರ್ ಸೀಮೆಯೂ ಆಗ ನಿಜಾಮರದೇ. ಆದರೆ ಅವರು ಕೇಳಿದ್ದು ಬ್ರಿಟಿಷರ ಪ್ರಾಂತ್ಯಗಳಿಗಾಗಿ. ಅದು ಸಿಕ್ಕಿದ್ದರೂ ಅವರ ಊರಿಗೆ ಬರುತ್ತಿರಲಿಲ್ಲ, ನಮ್ಮೂರಿಗೂ ಇಲ್ಲ.

ಆ ಸುಧಾರಣೆಯಿಂದ ಬಂದ 1919ರ ಕಾಯಿದೆ ಹೆಂಗಸರ ಮತದ ತೀರ್ಮಾನವನ್ನು ಪ್ರಾಂತ್ಯಗಳ ತಲೆಗೆ ಕಟ್ಟಿತು. ಮದರಾಸು ಪ್ರಾಂತ್ಯ 1921ರಲ್ಲಿ ಒಪ್ಪಿಕೊಂಡಿತು, ಆಸ್ತಿಪಾಸ್ತಿ ಇದ್ದ ಹೆಂಗಸರ ಮಟ್ಟಿಗೆ. ಆ ಪ್ರಾಂತ್ಯದಲ್ಲಿದ್ದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಕಸಿನ್ಸ್ ಹುರಿದುಂಬಿಸಿದ್ದರಿಂದ ಶಾಸನಸಭೆಗೆ ನಿಂತು, ಕೂದಲೆಳೆಯಲ್ಲಿ ಸೋತರು.

ಬೀದರ್, ಭಾಲ್ಕಿ, ಔರಾದ್ ಕಡೆಯ ಹೆಣ್ಣುಮಕ್ಕಳು ಲೋಕಸಭೆಗೂ ವಿಧಾನಸಭೆಗೂ ಮೊದಲ ಸಲ ಮತ ಹಾಕಿದ್ದು 1952ರಲ್ಲಿ. ಸರೋಜಿನಿ ತೀರಿಕೊಂಡು ಆಗಲೇ ಮೂರು ವರ್ಷ. ಕಸಿನ್ಸ್ ಇದ್ದರು, 1944ರಲ್ಲೇ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು.